ಹೆಂಗಸರಿಗೆ ಸ್ಕೀ ಆರಿಸುವುದು ಹೇಗೆ: ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಸರ್ಫ್ ಬೋರ್ಡ್ ಬೇಕಾದರೆ ಮೂಲ್ಕಿಗೋ ಸಸಿಹಿತ್ಲುಗೋ ಹೋಗಿ ಮುಟ್ಟಿ ನೋಡಬಹುದು, ಅದರ ಮೇಲೆ ನಿಂತೂ ನೋಡಬಹುದು. ಹಿಮದ ಇಳಿಜಾರಿನಲ್ಲಿ ಜಾರಲು ಕಾಲಿಗೆ ಕಟ್ಟುವ ಹಲಗೆ, ಸ್ಕೀಯ ವಿಷಯದಲ್ಲಿ ಮಂಗಳೂರು, ಉಡುಪಿಯವರಿಗೆ ಆ ಅನುಕೂಲ ಇಲ್ಲ. ಕಾಶ್ಮೀರದ ಗುಲ್ಮಾರ್ಗ್‌ನಲ್ಲೋ ಉತ್ತರಾಖಂಡದ ಔಲಿಯಲ್ಲೋ ಒಂದು ಕೋರ್ಸ್ ಮುಗಿಸಿ, ಹುಚ್ಚು ಹತ್ತಿಸಿಕೊಂಡು ಬಂದವರಿಗೆ ದಾರಿ ಎರಡೇ. ಒಂದೋ ಮೊಬೈಲ್‌ನಲ್ಲಿ ನೋಡಿ ತರಿಸುವುದು, ಇಲ್ಲವೇ ಹೊರದೇಶದಲ್ಲಿರುವ ಅಣ್ಣನಿಗೋ ಚಿಕ್ಕಮ್ಮನ ಮಗಳಿಗೋ ಹೇಳಿ ತರಿಸುವುದು. ಎರಡರಲ್ಲೂ ಸ್ಕೀ ಕಣ್ಣಿಗೆ ಬೀಳುವ ಮೊದಲೇ ದುಡ್ಡು ಹೋಗಿರುತ್ತದೆ. ಹಾಗಾಗಿ ಅದರ ಅಂಕಿಗಳನ್ನು ಓದಲು ಬರಬೇಕು. ಬಾರದಿದ್ದರೆ ಬಣ್ಣ ನೋಡಿ ಆರಿಸುವುದೇ ಆಗುತ್ತದೆ.

ಹದವಾದ ಇಳಿಜಾರಿನಲ್ಲಿ ಎರಡೂ ಕಡೆ ತಿರುಗಲು, ಬೇಕಾದಲ್ಲಿ ನಿಲ್ಲಲು ಕಲಿತವರಿಗೆ ಇದನ್ನು ಬರೆದಿದ್ದೇನೆ. ಇನ್ನೂ ಹಿಮ ಮುಟ್ಟದವರು ಸದ್ಯಕ್ಕೆ ಏನೂ ಕೊಳ್ಳುವುದು ಬೇಡ. ಕೋರ್ಸಿನಲ್ಲಿ ಕೊಡುವ ಸ್ಕೀಯಲ್ಲೇ ಕಲಿಯಿರಿ. ದುಬೈಯಲ್ಲಿ ಅಕ್ಕನೋ ಅತ್ತಿಗೆಯೋ ಇದ್ದರೆ (ನಮ್ಮ ಕಡೆ ಯಾರಿಗೆ ಇಲ್ಲ!) ಅಲ್ಲಿನ ಮಾಲ್ ಆಫ್ ದಿ ಎಮಿರೇಟ್ಸ್ ಒಳಗೆ 2005ರಲ್ಲಿ ಶುರುವಾದ ಸ್ಕೀ ದುಬೈ ಉಂಟು. ಉದ್ದದ ಇಳಿಜಾರು 400 ಮೀಟರ್ ಮಾತ್ರ. ಮೊದಲ ಹೆದರಿಕೆ ಬಿಡಿಸಿಕೊಳ್ಳಲು ಅಷ್ಟು ಧಾರಾಳ ಸಾಕು.

ಇನ್ನೊಂದು ಮಾತು. ಕೊಡಗಿನ ಸ್ಕೀ ಆಟಗಾರ್ತಿ ಭವಾನಿ ತೆಕ್ಕಡ ನಂಜುಂಡ ಅವರ ಫೋಟೋ ನೋಡಿ ಅದೇ ತರದ ಸ್ಕೀ ಹುಡುಕಬೇಡಿ. ಅವರದು ಕ್ರಾಸ್‌ಕಂಟ್ರಿ, ಅಂದರೆ ಏರುತಗ್ಗಿನ ಹಿಮದಲ್ಲಿ ದೂರ ಓಡುವುದು. ಆ ಸ್ಕೀ ಸಪೂರ, ತುಂಬ ಹಗುರ, ಹಿಮ್ಮಡಿ ಸದಾ ಬಿಟ್ಟೇ ಇರುತ್ತದೆ. ಕಡಿದಾದ ಬೆಟ್ಟ ಇಳಿಯುವುದಕ್ಕೆ ಅದಲ್ಲ.

ಹೆಂಗಸರ ಸ್ಕೀ ಅಂದರೆ ಎಂತ?

ಹಲವು ಕಂಪನಿಗಳಲ್ಲಿ ಹೆಂಗಸರ ಸ್ಕೀಗೂ ಗಂಡಸರ ಸ್ಕೀಗೂ ಹತ್ತಿರದ ಸಂಬಂಧ. ಬ್ಲಿಝಾರ್ಡ್ ಕಂಪನಿಯ ಹೆಂಗಸರ ಶೀವಾಕ್ಕೆ ಗಂಡಸರ ರಸ್ಲರ್ ಜೋಡಿ. ನಾರ್ಡಿಕಾದ ಸಾಂಟಾ ಅನಾಕ್ಕೆ ಎನ್‌ಫೋರ್ಸರ್, ಫೋಲ್ಕ್‌ಲ್‌ನ ಸೀಕ್ರೆಟ್‌ಗೆ ಮಂತ್ರ, ಅಟಾಮಿಕ್‌ನ ಮೇವನ್‌ಗೆ ಮೇವರಿಕ್. ಆಕಾರದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಬದಲಾಗುವುದು ಸಾಮಾನ್ಯವಾಗಿ ಇಷ್ಟು: ಚಿಕ್ಕ ಅಳತೆಗಳು ಸಿಗುತ್ತವೆ, ಒಳಗಿನ ಮರ ಹಗುರವಾಗುತ್ತದೆ, ಲೋಹದ ಹಾಳೆ ಕಡಿಮೆಯಾಗುತ್ತದೆ, ಸ್ಕೀ ಸ್ವಲ್ಪ ಮೆದುವಾಗುತ್ತದೆ, ಬೂಟು ನಿಲ್ಲುವ ಗುರುತು ಒಂದೆರಡು ಸೆಂ.ಮೀ. ಮುಂದೆ ಬರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಇದ್ಯಾವುದೂ ಇಲ್ಲ, ಮೇಲಿನ ಚಿತ್ರ ಮಾತ್ರ ಬೇರೆ.

ಮೆದು ಮಾಡುವುದಕ್ಕೆ ಕಾರಣ ಉಂಟು. ಸ್ಕೀ ಕೆಲಸ ಮಾಡಬೇಕಾದರೆ ಬಾಗಬೇಕು. ಬಾಗಿಸುವುದು ನಿಮ್ಮ ತೂಕ ಮತ್ತು ವೇಗ. 80 ಕೆಜಿಯವರಿಗೆ ಮಾಡಿದ ಗಟ್ಟಿ ಸ್ಕೀ ಮೇಲೆ 52 ಕೆಜಿಯವರು ನಿಂತರೆ ಅದು ಅರ್ಧಂಬರ್ಧ ಬಾಗುತ್ತದೆ. ತಿರುಗಿಸಲು ಹೋದರೆ ನೇರ ಓಡುತ್ತದೆ. ಸಂಜೆಗೆ ತೊಡೆ ನಡುಗುತ್ತದೆ, ತನಗೆ ಸ್ಕೀಯಿಂಗ್ ಬರುವುದೇ ಇಲ್ಲ ಅಂತ ಅವರು ಅಂದುಕೊಳ್ಳುತ್ತಾರೆ. ಇದನ್ನು ತಯಾರಿಯಲ್ಲಿ ಸರಿಮಾಡುವುದು ಕಷ್ಟದ ಕೆಲಸ ಅಲ್ಲ. ಹಲಗೆಯ ಗಟ್ಟಿತನ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ 10 ಶೇಕಡಾ ಜಾಸ್ತಿಯಾದರೆ ಗಟ್ಟಿತನ 33 ಶೇಕಡಾ ಜಾಸ್ತಿ. ಅಂದರೆ ಒಂದು ಮಿ.ಮೀ. ಕೆತ್ತಿದರೂ ಸ್ಕೀಯ ಗುಣ ಬದಲಾಗುತ್ತದೆ.

ಬೂಟಿನ ಗುರುತು ಮುಂದೆ ತರುವುದಕ್ಕೆ ಬೇರೆ ಕಾರಣ. ಹೆಂಗಸರಲ್ಲಿ ದೇಹದ ತೂಕ ಸೊಂಟದ ಕಡೆ ಕೆಳಗೆ ಇರುವುದರಿಂದ ಬೂಟಿನೊಳಗೆ ಹಿಂದಕ್ಕೆ ಕೂರುವಂತಾಗುತ್ತದೆ ಅನ್ನುವ ವಾದ. ಅಮೆರಿಕದ ಜೀನಿ ಥೋರನ್ ಇದನ್ನೇ ಹಿಡಿದುಕೊಂಡು, ಹೆಂಗಸರ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಮುಂದೆ ಕೂರಿಸಿ ಅಂತ ವರ್ಷಗಟ್ಟಲೆ ಊರೂರು ಸುತ್ತಿ ಹೇಳಿದವರು. ಅದನ್ನು ಒಪ್ಪದವರೂ ಇದ್ದಾರೆ. ಅಮೆರಿಕದ್ದೇ ಆದ, ಹೆಂಗಸರು ನಡೆಸುವ ಕೊಯಲಿಷನ್ ಸ್ನೋ ಕಂಪನಿ ಹೆಂಗಸರಿಗೆ ಮೆದು ಸ್ಕೀ ಸಾಕು ಅನ್ನುವ ಮಾತನ್ನೇ ಬದಿಗಿಟ್ಟು ಗಟ್ಟಿ ಸ್ಕೀ ಮಾಡುತ್ತದೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸ್ಕೀಗೆ ಗೊತ್ತಾಗುವುದು ಮೇಲೆ ನಿಂತವರ ತೂಕ, ಎತ್ತರ, ವೇಗ, ಅಷ್ಟೇ. ನೀವು 50ರಿಂದ 62 ಕೆಜಿ ಒಳಗಿದ್ದರೆ ಹೆಂಗಸರ ವಿಭಾಗದಲ್ಲೇ ಹುಡುಕಿ, ಸರಿಯಾದ ಉದ್ದ ಸಿಗುವುದು ಅಲ್ಲೇ. ಎತ್ತರ ಇದ್ದು, 70 ಕೆಜಿ ದಾಟಿ, ಜೋರಾಗಿ ಇಳಿಯುವವರಾದರೆ ಎರಡೂ ವಿಭಾಗ ನೋಡಿ. ಸಪೂರ ಗಂಡಸರು ಹೆಂಗಸರ ಸ್ಕೀ ತಗೊಂಡರೂ ತಪ್ಪೇನಿಲ್ಲ. ಲೇಬಲ್ ನೋಡುವುದು ಕೊನೆಗೆ. ಮೊದಲು ಬೆಟ್ಟ, ಆಮೇಲೆ ಬೂಟು, ಆಮೇಲೆ ಸ್ಕೀ.

ಹಂತ 1: ಯಾವ ಹಿಮದ ಮೇಲೆ?

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿನ ರೋಪ್‌ವೇ, ಗೊಂಡೊಲಾದ ಮೊದಲ ಹಂತ ಕಾಂಗ್ಡೂರಿಗೆ, ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, ಹತ್ತಿರ ಹತ್ತಿರ 3,950 ಮೀಟರ್‌ಗೆ. ಕೆಳಗೆ ಕಲಿಯುವವರ ಇಳಿಜಾರು ಉಂಟು. ಮೇಲೆ ಹೋದ ಹಾಗೆ ಯಂತ್ರದಿಂದ ಹದ ಮಾಡಿದ ದಾರಿ ಕಡಿಮೆ, ಬಿದ್ದಂತೆ ಇರುವ ಹಿಮ ಜಾಸ್ತಿ. ಔಲಿಯಲ್ಲಿ ಇದಕ್ಕೆ ತಿರುವು ಮುರುವು: ಅಲ್ಲಿ ಹೆಚ್ಚಿನವರು ಇಳಿಯುವುದು ಹದ ಮಾಡಿದ ಇಳಿಜಾರಿನಲ್ಲೇ.

ಲಿಫ್ಟ್‌ನಲ್ಲಿ ಹತ್ತಿ, ಒಮ್ಮೆ ಗಟ್ಟಿ ಹಿಮ, ಒಮ್ಮೆ ಮೆದು ಹಿಮ, ಒಮ್ಮೆ ಯಾರೋ ತುಳಿದು ಗಂಟುಗಂಟಾದ ಹಿಮ, ಎಲ್ಲದರಲ್ಲೂ ಇಳಿಯುವುದಾದರೆ ಆಲ್-ಮೌಂಟೇನ್ ಸ್ಕೀ. ಲಿಫ್ಟ್ ಇಲ್ಲದ ಕಡೆ ಸ್ವಂತ ಕಾಲಲ್ಲಿ ಹತ್ತಿ ಇಳಿಯುವುದಾದರೆ ಬ್ಯಾಕ್‌ಕಂಟ್ರಿ ಅಥವಾ ಟೂರಿಂಗ್ ಸ್ಕೀ. ಎರಡೂ ಬೇಕು ಅನ್ನುವವರು ತಮ್ಮ ಹತ್ತು ದಿನದಲ್ಲಿ ಎಷ್ಟು ದಿನ ಹತ್ತುತ್ತೇನೆ ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಲಿ. ಒಂದೆರಡು ದಿನ ಮಾತ್ರವಾದರೆ ಆಲ್-ಮೌಂಟೇನ್ ಸ್ಕೀ ಕೊಳ್ಳಿ, ಟೂರಿಂಗ್ ಸ್ಕೀ ಬಾಡಿಗೆಗೆ ತನ್ನಿ. ಹಗುರ ಟೂರಿಂಗ್ ಸ್ಕೀ ಗಟ್ಟಿ ಹಿಮದಲ್ಲಿ ಕಟಕಟ ನಡುಗುತ್ತದೆ, ಹೊಸಬರಿಗೆ ಅದು ಹಿಂಸೆ.

ಹಂತ 2: ಬೂಟು ಮೊದಲು

ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ಬೂಟು ತಗೊಳ್ಳಿ, ಸ್ಕೀ ಬಾಡಿಗೆಗೆ ತನ್ನಿ. ನಿಮ್ಮ ಕಾಲು ಹೇಳಿದ್ದನ್ನು ಸ್ಕೀಗೆ ಮುಟ್ಟಿಸುವುದು ಬೂಟು. ಅದು ಸಡಿಲವಾದರೆ ಎಂಥ ಸ್ಕೀ ಇದ್ದರೂ ದಂಡ.

ಬೂಟಿನ ಅಳತೆ ಅಂದರೆ ಪಾದದ ಉದ್ದ, ಸೆಂ.ಮೀ.ನಲ್ಲಿ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿದಾಗ, ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆಯ ಮೇಲೆ ನಿಂತು, ಉದ್ದದ ಬೆರಳಿನ ತುದಿಗೆ ಗೆರೆ ಎಳೆದು ಅಳೆಯಿರಿ. ಎರಡೂ ಕಾಲು ಅಳೆಯಿರಿ. 23.4 ಬಂದರೆ 23.5ರ ಬೂಟು. ಮುಂಪಾದದ ಅಗಲವನ್ನೂ ಅಳೆಯಿರಿ. ಕಂಪನಿಯವರು ಅದನ್ನು ಲಾಸ್ಟ್ ಅಂತ ಮಿ.ಮೀ.ನಲ್ಲಿ ಬರೆಯುತ್ತಾರೆ. 98 ಅಂದರೆ ಬಿಗಿ, 102 ಅಂದರೆ ಅಗಲ. ವರ್ಷಪೂರ್ತಿ ಚಪ್ಪಲಿಯಲ್ಲೇ ಓಡಾಡುವ ನಮ್ಮ ಪಾದ ಸಾಮಾನ್ಯವಾಗಿ ಮುಂದೆ ಹರಡಿಕೊಂಡಿರುತ್ತದೆ. ಹಾಗಾಗಿ 100ಕ್ಕಿಂತ ಬಿಗಿಯದನ್ನು ಹಾಕಿ ನೋಡದೆ ತರಿಸಬೇಡಿ.

ಬೂಟು ಕೈಗೆ ಸಿಕ್ಕಾಗ ಮಾಡುವ ಪರೀಕ್ಷೆ ಇದು. ಒಳಗಿನ ಮೆತ್ತೆಯ ಬೂಟನ್ನು ಹೊರಗೆ ತೆಗೆಯಿರಿ. ಬರೀ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಟ್ಟು, ಬೆರಳು ಮುಂದೆ ಮೆಲ್ಲಗೆ ತಾಗುವಷ್ಟು ಸರಿಯಿರಿ. ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತು ಅಂತ ಇನ್ನೊಬ್ಬರು ನೋಡಲಿ. ಒಂದೂವರೆಯಿಂದ ಎರಡು ಸೆಂ.ಮೀ. ಇದ್ದರೆ ಸರಿ. ಮೂರು ಇದ್ದರೆ ಬೂಟು ದೊಡ್ಡದು, ಎಷ್ಟು ಆರಾಮ ಅನ್ನಿಸಿದರೂ ಬೇಡ. ಮೆತ್ತೆ ಹಾಕಿ ನಿಂತಾಗ ಬೆರಳು ಮುಂದೆ ತಾಗಬೇಕು, ಮೊಣಕಾಲು ಮುಂದೆ ಬಾಗಿಸಿದಾಗ ಬಿಟ್ಟುಕೊಳ್ಳಬೇಕು.

ಹೆಂಗಸರಿಗೆ ಅಂತಲೇ ಮಾಡಿದ ಬೂಟಿಗೆ ನಿಜವಾದ ಅರ್ಥ ಉಂಟು, ಸ್ಕೀಗಿಂತ ಜಾಸ್ತಿ. ಹೆಂಗಸರ ಮೀನಖಂಡ ಸಾಮಾನ್ಯವಾಗಿ ಕೆಳಗಿನಿಂದಲೇ ಶುರುವಾಗುತ್ತದೆ. ಅದಕ್ಕೆ ಬೂಟಿನ ಕಾಲರ್ ಗಿಡ್ಡ, ಮೇಲ್ಗಡೆ ಅಗಲ ಮಾಡುತ್ತಾರೆ. ಗಂಡಸರ ಬೂಟು ಹಾಕಿ ಮೀನಖಂಡ ನೋವು ಮಾಡಿಕೊಂಡವರು ಇದನ್ನು ಮರೆಯುವುದಿಲ್ಲ. ಗಟ್ಟಿತನಕ್ಕೆ ಫ್ಲೆಕ್ಸ್ ಅಂತ ಅಂಕಿ: ಮಧ್ಯಮ ಅನುಭವಕ್ಕೆ 70–90, ಚೆನ್ನಾಗಿ ಇಳಿಯುವವರಿಗೆ 95ರ ಮೇಲೆ. ಒಂದು ಕಂಪನಿಯ 90 ಇನ್ನೊಂದರ 90ಕ್ಕೆ ಸಮ ಅಲ್ಲ. ಚಳಿಗೆ ಪ್ಲಾಸ್ಟಿಕ್ ಇನ್ನೂ ಗಟ್ಟಿಯಾಗುತ್ತದೆ, ಅದನ್ನೂ ಮನಸ್ಸಲ್ಲಿಡಿ.

ಟೂರಿಂಗ್ ಆಸೆ ಇದ್ದರೆ ಬೂಟಿನ ಹಿಂದೆ ನಡಿಗೆಗೆ ಸಡಿಲ ಮಾಡುವ ಲಿವರ್, ಮೂತಿಯ ಎರಡು ಬದಿ ಮತ್ತು ಹಿಮ್ಮಡಿಯಲ್ಲಿ ಲೋಹದ ಗುಳಿ, ಇವೆರಡೂ ಇರಲೇಬೇಕು. ಗುಳಿ ಇಲ್ಲದ ಬೂಟು, ಹತ್ತುವವರು ಬಳಸುವ ಪಿನ್ ಬೈಂಡಿಂಗ್‌ಗೆ ಕೂರುವುದಿಲ್ಲ.

ಹಂತ 3: ಮೂರು ಅಂಕಿಗಳನ್ನು ಓದುವುದು

ಸ್ಕೀ ಮೇಲೆ 130–92–114 ಅಂತ ಬರೆದಿರುತ್ತದೆ. ಮೂತಿಯ ಅಗಲ, ನಡುವಿನ ಅಗಲ, ಬಾಲದ ಅಗಲ, ಮಿ.ಮೀ.ನಲ್ಲಿ. ಮುಖ್ಯವಾದದ್ದು ನಡು.

85ಕ್ಕಿಂತ ಸಪೂರ ನಡು ಗಟ್ಟಿ ಹಿಮಕ್ಕೆ. 85ರಿಂದ 100 ಆಲ್-ಮೌಂಟೇನ್. 100ರ ಮೇಲೆ ಆಳದ ಮೆದು ಹಿಮಕ್ಕೆ. ಟೂರಿಂಗ್‌ನಲ್ಲಿ 85ರಿಂದ 105ರ ಒಳಗೆ ಹೆಚ್ಚು ಬಳಕೆ. ಗುಲ್ಮಾರ್ಗ್ ಅಂದಕೂಡಲೇ 110 ಬೇಕು ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅವರ ತೂಕ ಎಷ್ಟು ಅಂತ ಕೇಳಿ. ತೇಲುವುದು ತೂಕಕ್ಕೂ ಅಗಲಕ್ಕೂ ಇರುವ ಲೆಕ್ಕ. ಒಂದೇ ಉದ್ದದ ಸ್ಕೀ ಅಂದುಕೊಂಡರೆ, 55 ಕೆಜಿಯವರು 96 ಮಿ.ಮೀ. ಮೇಲೆ ನಿಂತಾಗ ಹಿಮಕ್ಕೆ ಬೀಳುವ ಒತ್ತಡ, 80 ಕೆಜಿಯವರು ಸುಮಾರು 140 ಮಿ.ಮೀ. ಮೇಲೆ ನಿಂತಷ್ಟೇ! ಹಗುರ ಇರುವವರಿಗೆ ಅಷ್ಟು ಅಗಲ ಬೇಡವೇ ಬೇಡ. ಅಗಲ ಜಾಸ್ತಿಯಾದರೆ ಗಟ್ಟಿ ಹಿಮದಲ್ಲಿ ಒಂದು ಅಂಚಿನಿಂದ ಇನ್ನೊಂದಕ್ಕೆ ಮಗುಚಲು ತಡವಾಗುತ್ತದೆ, ಮೊಣಕಾಲಿಗೆ ಹೊರೆ. ಒಂದೇ ಜೋಡಿ ಅಂದರೆ ನಾನು 88–96ರ ಒಳಗೆ ಹೇಳುತ್ತೇನೆ. ಅಫರ್ವತ್‌ನ ಮೆದು ಹಿಮಕ್ಕೇ ಹೋಗುವವರಾದರೆ 98–102.

ಮೂತಿ, ಬಾಲ ಅಗಲವಾಗಿ ನಡು ಸಪೂರ ಆಗಿರುವುದರಿಂದಲೇ ಸ್ಕೀ ತಿರುಗುವುದು. ಈ ಒಳಬಾಗಿದ ಗೆರೆಯನ್ನು ದೊಡ್ಡ ವೃತ್ತದ ತುಂಡು ಅಂದುಕೊಳ್ಳಿ. ಆ ವೃತ್ತದ ತ್ರಿಜ್ಯವನ್ನೇ ರೇಡಿಯಸ್ ಅಂತ ಬರೆಯುತ್ತಾರೆ. ಬೇಕಿದ್ದರೆ ನೀವೇ ಲೆಕ್ಕ ಹಾಕಿ. ಮೂತಿ ಮತ್ತು ಬಾಲ ಕೂಡಿಸಿ, ನಡುವಿನ ಎರಡರಷ್ಟು ಕಳೆದು, ನಾಲ್ಕರಿಂದ ಭಾಗಿಸಿ: 130 + 114 − 184 = 60, ಅದರ ಕಾಲು ಭಾಗ 15 ಮಿ.ಮೀ. ಇದು ಒಳಬಾಗಿನ ಆಳ. ಮೂತಿ, ಬಾಲದ ಅತಿ ಅಗಲದ ಎರಡು ಜಾಗಗಳ ನಡುವಿನ ಉದ್ದ 1,350 ಮಿ.ಮೀ. ಆದರೆ, ಆ ಉದ್ದದ ವರ್ಗವನ್ನು ಆಳದ ಎಂಟರಷ್ಟರಿಂದ ಭಾಗಿಸಿ. 15.2 ಮೀಟರ್ ಬರುತ್ತದೆ. ಹೆಂಗಸರ ಅಳತೆಯ ಆಲ್-ಮೌಂಟೇನ್ ಸ್ಕೀಗಳು 12ರಿಂದ 17 ಮೀಟರ್ ಒಳಗೇ ಇರುತ್ತವೆ. ಚಿಕ್ಕ ಅಂಕಿ ಬೇಗ ತಿರುಗುತ್ತದೆ, ದೊಡ್ಡದು ವೇಗದಲ್ಲಿ ನೆಟ್ಟಗಿರುತ್ತದೆ. ಸ್ಕೀಯನ್ನು ವಾಲಿಸಿದಷ್ಟೂ ತಿರುವು ಚಿಕ್ಕದಾಗುತ್ತದೆ. 60 ಡಿಗ್ರಿ ವಾಲಿಸಿದರೆ ಅರ್ಧಕ್ಕರ್ಧ. ಹಾಗಾಗಿ 14ಕ್ಕೂ 15ಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಂತ 4: ಬದಿಯಿಂದ ನೋಡುವುದು

ಸ್ಕೀಯನ್ನು ನೆಲದ ಮೇಲಿಟ್ಟು ಬದಿಯಿಂದ ನೋಡಿ. ನಡು ಕೆಲವು ಮಿ.ಮೀ. ಮೇಲೆದ್ದಿದ್ದರೆ ಅದು ಕ್ಯಾಂಬರ್. ನೀವು ನಿಂತಾಗ ಅದು ಚಪ್ಪಟೆಯಾಗಿ, ಒತ್ತಡ ಮೂತಿ–ಬಾಲದ ಕಡೆಗೂ ಹಂಚಿಹೋಗುತ್ತದೆ. ಗಟ್ಟಿ ಹಿಮದಲ್ಲಿ ಅಂಚು ಕಚ್ಚುವುದು ಇದರಿಂದ. ಮೂತಿ ನೆಲ ಬಿಟ್ಟು ಬೇಗನೆ ಮೇಲೇರಿದ್ದರೆ ಅದು ರಾಕರ್. ಮಲ್ಪೆಯಲ್ಲಿ ನಾಡದೋಣಿಯ ಮೂತಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲೆದ್ದ ಮೂತಿ ಅಲೆಯೊಳಗೆ ಚುಚ್ಚಿಕೊಳ್ಳದೆ ಹತ್ತಿ ಹೋಗುತ್ತದೆ, ಮೆದು ಹಿಮದಲ್ಲೂ ಹಾಗೆಯೇ. ಈ ವಿದ್ಯೆ ಬಂದದ್ದೂ ನೀರಿನಿಂದಲೇ. ಶೇನ್ ಮೆಕಾಂಕಿ ಎಂಬ ಸ್ಕೀಯರ್ ಅಲಾಸ್ಕಾದ ಹಿಮದಲ್ಲಿ ವಾಟರ್ ಸ್ಕೀ ಕಟ್ಟಿಕೊಂಡು ಇಳಿದು ನೋಡಿದ. ಅದರಿಂದ 2000ದ ದಶಕದ ಶುರುವಿನಲ್ಲಿ ವೊಲಾಂಟ್ ಕಂಪನಿಯ ಸ್ಪಾಚುಲಾ ಸ್ಕೀ ಹುಟ್ಟಿತು. ನಡು ಕೆಳಗೆ, ಎರಡೂ ತುದಿ ಮೇಲೆ. ಆಗ ನಕ್ಕವರು ಬಹಳ. ಈಗ ಮೂತಿಯಲ್ಲಿ ರಾಕರ್ ಇಲ್ಲದ ಆಲ್-ಮೌಂಟೇನ್ ಸ್ಕೀ ಹುಡುಕಬೇಕು.

ನಿಮಗೆ ಬೇಕಾದದ್ದು ಮೂತಿಯಲ್ಲಿ ರಾಕರ್, ಕಾಲಡಿ ಕ್ಯಾಂಬರ್, ಬಾಲದಲ್ಲಿ ಚೂರು ರಾಕರ್. ಕೈಗೆ ಸಿಕ್ಕ ಸ್ಕೀಯಲ್ಲಿ ಇದನ್ನು ನೋಡುವುದು ಸುಲಭ. ಎರಡರ ತಳ ಒಂದಕ್ಕೊಂದು ತಾಗಿಸಿ ನಿಲ್ಲಿಸಿ, ಸಂದಿಯಲ್ಲಿ ಬೆಳಕು ನೋಡಿ. ಕಾಲಡಿಯ ಸಂದಿ ಕ್ಯಾಂಬರ್. ಈಗ ನಡುವನ್ನು ಕೈಯಲ್ಲಿ ಹಿಂಡಿ ಮುಚ್ಚಿ. ಮೂತಿಗಳು ಬೇರೆಯಾಗುವ ಜಾಗ ಕೆಳಗೆ ಸರಿಯುತ್ತದೆ. ಅಲ್ಲಿಂದ ಮೇಲಿನದ್ದೆಲ್ಲ ರಾಕರ್. ಒಂದು ಕೈಯ ಹಿಂಡಿಗೆ ಸಂದಿ ಮುಚ್ಚಿತೋ, ನೇತಾಡಿದರೂ ಮುಚ್ಚಲಿಲ್ಲವೋ, ಅದರಲ್ಲೇ ನಿಮ್ಮ ತೂಕಕ್ಕೆ ಹೊಂದುತ್ತದೋ ಇಲ್ಲವೋ ಅಂದಾಜಾಗುತ್ತದೆ.

ಹಂತ 5: ಒಳಗೇನುಂಟು?

ಹೊರಗಿನಿಂದ ಕಾಣದ್ದೇ ದುಬಾರಿ. ನಡುವೆ ಮರ: ಪಾಪ್ಲರ್, ಬೀಚ್, ಆ್ಯಶ್. ಹಗುರ ಬೇಕಾದರೆ ಪೌಲೋನಿಯಾ. ಮರದ ಮೇಲೆ ಕೆಳಗೆ ಫೈಬರ್‌ಗ್ಲಾಸ್, ಕೆಲವದರಲ್ಲಿ ಕಾರ್ಬನ್. ತಳ ಪಾಲಿಎಥಿಲೀನ್, ಅಂಚು ಉಕ್ಕು.

ಟೈಟನಾಲ್ ಅನ್ನುವ ಹೆಸರು ಕಂಡರೆ ಟೈಟಾನಿಯಂ ಅಂದುಕೊಳ್ಳಬೇಡಿ. ಅದು ಅಲ್ಯೂಮಿನಿಯಂ ಮಿಶ್ರಲೋಹ, ಆಸ್ಟ್ರಿಯಾದಲ್ಲಿ ತಯಾರಾಗುತ್ತದೆ. ಅದರ ಹಾಳೆ ನಡುಕ ಹೀರಿಕೊಂಡು ಸ್ಕೀಯನ್ನು ನೆಲಕ್ಕೆ ಅಂಟಿಸಿದಂತೆ ಇಡುತ್ತದೆ, ಜೊತೆಗೆ ಭಾರ ಮತ್ತು ಗಟ್ಟಿತನ ತರುತ್ತದೆ. 60 ಕೆಜಿ ಒಳಗಿನವರಿಗೆ ಎರಡು ಪೂರ್ತಿ ಹಾಳೆ ಜಾಸ್ತಿಯಾಯಿತು. ಒಂದು ಹಾಳೆ, ಅಥವಾ ಕಾಲಡಿಗೆ ಮಾತ್ರ ಇರುವ ತುಂಡು ಸಾಕು. ಕಾರ್ಬನ್ ಹಗುರ, ಬೇಗ ಪುಟಿಯುತ್ತದೆ, ನಡುಕ ಮಾತ್ರ ಅಷ್ಟಾಗಿ ಹೀರುವುದಿಲ್ಲ. ಅದಕ್ಕೇ ಅದು ಟೂರಿಂಗ್ ಸ್ಕೀಯಲ್ಲಿ ಜಾಸ್ತಿ.

ತೂಕವನ್ನು ಒಂದು ಸ್ಕೀಗೆ ಗ್ರಾಂನಲ್ಲಿ ಬರೆಯುತ್ತಾರೆ. ಆಲ್-ಮೌಂಟೇನ್ 1,500–1,900, ಟೂರಿಂಗ್ 1,100–1,500. ಕೆಲವರು ಜೋಡಿಯ ತೂಕ ಬರೆಯುತ್ತಾರೆ, ನೋಡಿಕೊಳ್ಳಿ. ಹತ್ತುವವರು ಸ್ಕೀ, ಬೈಂಡಿಂಗ್, ಬೂಟು ಮೂರನ್ನೂ ಕೂಡಿಸಿ ಲೆಕ್ಕ ಹಾಕಬೇಕು. 1,200 ಗ್ರಾಂನ ಸ್ಕೀ ಹುಡುಕಿ ಅದಕ್ಕೆ ಕಿಲೋ ಮೀರಿದ ಬೈಂಡಿಂಗ್ ಹಾಕಿಸಿದರೆ ಸುಮ್ನೆ ದಂಡ.

ಹಂತ 6: ಉದ್ದ

ಹೊಸಬರಿಗೆ ಗದ್ದದವರೆಗೆ, ಮಧ್ಯಮದವರಿಗೆ ಮೂಗಿನವರೆಗೆ, ಬಲ್ಲವರಿಗೆ ಹಣೆವರೆಗೆ. ರಾಕರ್ ಜಾಸ್ತಿ ಇದ್ದರೆ ಒಂದು ಅಳತೆ ಮೇಲಕ್ಕೆ, ಯಾಕೆಂದರೆ ಮೂತಿ ನೆಲಕ್ಕೆ ತಾಗುವುದೇ ಇಲ್ಲ. 158 ಸೆಂ.ಮೀ. ಎತ್ತರ, 55 ಕೆಜಿ, ಮಧ್ಯಮ ಅನುಭವ ಅಂದರೆ ರಾಕರ್ ಇರುವ ಸ್ಕೀ 152ರ ಹತ್ತಿರ. ಟೂರಿಂಗ್‌ಗೆ 150ರ ಆಸುಪಾಸು, ಕಡಿದಾದಲ್ಲಿ ಕಾಲೆತ್ತಿ ಹಿಂದಕ್ಕೆ ತಿರುಗುವಾಗ ಗಿಡ್ಡ ಸ್ಕೀಯೇ ಹಿತ. ಎರಡು ಅಳತೆಯ ನಡುವೆ ಸಿಕ್ಕಿಕೊಂಡರೆ ಎತ್ತರ ಬಿಡಿ, ತೂಕ ನೋಡಿ.

ಹಂತ 7: ಬೈಂಡಿಂಗ್, ಅವಸರ ಬೇಡ

ಬಿದ್ದಾಗ ಬೂಟನ್ನು ಬಿಟ್ಟುಕೊಡುವುದು ಬೈಂಡಿಂಗ್. ಎಷ್ಟು ಬಲಕ್ಕೆ ಬಿಡಬೇಕು ಅನ್ನುವುದಕ್ಕೆ ಡಿನ್ ಅಂತ ಅಂಕಿ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಜೋರಾಗಿ ಇಳಿಯುತ್ತೀರಿ, ಇಷ್ಟರ ಮೇಲೆ ಐಎಸ್‌ಒ 11088 ಕೋಷ್ಟಕ ನೋಡಿ ತಂತ್ರಜ್ಞರು ಹೊಂದಿಸುತ್ತಾರೆ. 55 ಕೆಜಿಯ, ಮಧ್ಯಮ ಅನುಭವದವರಿಗೆ ಇದು ಸಾಮಾನ್ಯವಾಗಿ 4ರ ಹತ್ತಿರ ಬರುತ್ತದೆ. ಈಗ ಅಂಗಡಿಯ ಬೈಂಡಿಂಗ್ ನೋಡಿ: 6ರಿಂದ 14 ಅಂತ ಬರೆದಿದ್ದರೆ ಅದು ನಿಮ್ಮದಲ್ಲ. ನಿಮಗೆ ಬೇಕಾದಲ್ಲಿ ಅದು ಬಿಡುವುದೇ ಇಲ್ಲ. 3–10, 3–11, ಅಂಥದ್ದನ್ನು ಕೇಳಿ. ಸೋವಿಗೆ ಸಿಕ್ಕಿತು ಅಂತ ಗಂಡಸರ ಸ್ಕೀ ಬೈಂಡಿಂಗ್ ಸಮೇತ ತರುವ ಮೊದಲು ಇದನ್ನು ನೋಡಲೇಬೇಕು.

ಹೆಂಗಸರಲ್ಲಿ ಮೊಣಕಾಲಿನ ಎಸಿಎಲ್ (ಕೀಲನ್ನು ಹಿಡಿದಿಡುವ ಒಳಗಿನ ಕಟ್ಟುನಾರು) ಗಾಯ ಗಂಡಸರಿಗಿಂತ ಜಾಸ್ತಿ ಅಂತ ಸ್ಕೀಯಿಂಗ್ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಬೈಂಡಿಂಗ್ ಮುಖ್ಯವಾಗಿ ಕಾಲಿನ ಮೂಳೆ ಉಳಿಸುತ್ತದೆ. ಮೊಣಕಾಲಿಗೆ ಅದು ಪೂರ್ತಿ ಕಾವಲು ಅಲ್ಲ. ಆ ಕೆಲಸ ತೊಡೆಯ ಸ್ನಾಯುಗಳದ್ದು. ಕದ್ರಿ ಗುಡ್ಡದ ಮೆಟ್ಟಿಲು ದಿನಾ ಹತ್ತಿ, ಅದಕ್ಕಿಂತ ಮುಖ್ಯವಾಗಿ ನಿಧಾನಕ್ಕೆ ಇಳಿಯಿರಿ.

ಲಿಫ್ಟ್ ಬಳಸುವವರಿಗೆ ಸಾದಾ ಆಲ್ಪೈನ್ ಬೈಂಡಿಂಗ್. ಹತ್ತುವವರಿಗೆ ಪಿನ್ ಬೈಂಡಿಂಗ್, ಆಸ್ಟ್ರಿಯಾದ ಫ್ರಿಟ್ಸ್ ಬಾರ್ಟೆಲ್ 1980ರ ದಶಕದಲ್ಲಿ ಮಾಡಿದ್ದು. ಎರಡು ಸೂಜಿ ಬೂಟಿನ ಮೂತಿ ಹಿಡಿದು, ಹಿಮ್ಮಡಿ ಬಿಟ್ಟು ನಡೆಯಲು ಬರುತ್ತದೆ. ಎರಡೂ ಕೆಲಸಕ್ಕೆ ಒಂದೇ ಬೇಕು ಅನ್ನುವವರಿಗೆ 2018ರಲ್ಲಿ ಬಂದ ಸಾಲೋಮನ್ ಶಿಫ್ಟ್ ತರದ್ದು ಉಂಟು, ಭಾರ ಸ್ವಲ್ಪ ಜಾಸ್ತಿ. ಸ್ಕೀಗೆ ತೂತು ಕೊರೆಯುವ ಕೆಲಸ ಊರಿನ ಬಡಗಿಯ ಹತ್ತಿರ ಬೇಡವೇ ಬೇಡ, ಅವರು ಎಷ್ಟು ಚುರುಕಾಗಿದ್ದರೂ. ಅದಕ್ಕೆ ಅಳತೆಯ ಚೌಕಟ್ಟು, ಆಳ ಮೀರದ ಬಿಟ್ ಬೇಕು. ಕೊಳ್ಳುವ ಅಂಗಡಿಯಲ್ಲೇ, ನಿಮ್ಮ ಬೂಟಿನ ಅಟ್ಟೆಯ ಉದ್ದ ಹೇಳಿ ಮಾಡಿಸಿ. ಆ ಉದ್ದ ಬೂಟಿನ ಹಿಮ್ಮಡಿ ಬದಿಯಲ್ಲಿ ಮಿ.ಮೀ.ನಲ್ಲಿ ಅಚ್ಚಾಗಿರುತ್ತದೆ. ಕಂಪನಿ ಹಾಕಿದ ಗುರುತಿನ ಮೇಲೆಯೇ ಕೂರಿಸಲಿ. ಹೆಂಗಸರ ಸ್ಕೀಯಲ್ಲಿ ಗುರುತು ಆಗಲೇ ಮುಂದೆ ಬಂದಿರಬಹುದು, ಇನ್ನಷ್ಟು ಮುಂದೆ ತರುವುದು ಬೇಡ.

ಹಂತ 8: ಹತ್ತುವವರಿಗೆ ಇನ್ನಷ್ಟು

ಹತ್ತುವಾಗ ಸ್ಕೀ ತಳಕ್ಕೆ ಅಂಟಿಸುವ ಸ್ಕಿನ್ ಪಟ್ಟಿ ಮುಂದೆ ಜಾರುತ್ತದೆ, ಹಿಂದೆ ಜಾರದು. ನೈಲಾನ್ ಚೆನ್ನಾಗಿ ಹಿಡಿಯುತ್ತದೆ, ಬಾಳಿಕೆ ಬರುತ್ತದೆ. ಮೊಹೇರ್ (ಅಂಗೋರಾ ಆಡಿನ ಕೂದಲು) ಹಗುರ, ಜಾರು ಜಾಸ್ತಿ. ಮೊದಲ ಜೋಡಿಗೆ ಎರಡರ ಮಿಶ್ರಣ. ಎರಡೂ ಬದಿ ಉಕ್ಕಿನ ಅಂಚು ಕಾಣುವಂತೆ ಕತ್ತರಿಸಬೇಕು. ಅಂಚು ಮುಚ್ಚಿದರೆ ಗಟ್ಟಿ ಹಿಮದಲ್ಲಿ ಅಡ್ಡ ನಡೆಯುವಾಗ ಕಾಲು ಜಾರುತ್ತದೆ.

ಇದರ ಜೊತೆ ಹಿಮದಡಿ ಸಿಕ್ಕವರನ್ನು ಪತ್ತೆ ಮಾಡುವ ರೇಡಿಯೊ ಯಂತ್ರ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು ಪ್ರೋಬ್, ಸಲಿಕೆ. ಮೂರೂ ಬೇಕು, ಜೊತೆಗಾರರ ಹತ್ತಿರವೂ ಬೇಕು. ಯಾಕೆಂದರೆ ನಿಮ್ಮನ್ನು ಅಗೆದು ತೆಗೆಯುವುದು ಅವರು. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. 2024ರ ಫೆಬ್ರವರಿ 22ರಂದು ಗುಲ್ಮಾರ್ಗ್‌ನಲ್ಲೇ ರಷ್ಯಾದ ಒಬ್ಬರು. ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುವುದು, ಅಂದರೆ ಸ್ಕೀಗೆ ತುಂಬ ಖುಷಿ ಕೊಡುವ ಇಳಿಜಾರಿನಲ್ಲೇ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ ಡಿಜಿಆರ್‌ಇ ಹೊರಡಿಸುವ ಹಿಮಕುಸಿತ ಸೂಚನೆ, ಗುಲ್ಮಾರ್ಗ್ ಸ್ಕೀ ಪೆಟ್ರೋಲ್‌ನ ಮಾತು, ಎರಡನ್ನೂ ಬೆಳಿಗ್ಗೆ ಕೇಳದೆ ಹೊರಡಬಾರದು. ಊರಿನ ಗೈಡ್ ಇಲ್ಲದೆ ಹೋಗಲೇಬಾರದು.

ಸೆಕೆಂಡ್ ಹ್ಯಾಂಡ್ ಬಂದರೆ

ಅಮೆರಿಕದ ತಮ್ಮ ಹಳೆಯದೊಂದು ಜೋಡಿ ಕಳಿಸುತ್ತೇನೆ ಅಂದರೆ ವೀಡಿಯೊ ಕಾಲ್ ಮಾಡಿ. ಅಂಚಿನ ಉದ್ದಕ್ಕೂ ಬೆರಳು ಆಡಿಸಲು ಹೇಳಿ, ಬಿರುಕು ಅಥವಾ ಒಳಸರಿದ ಜಾಗ ಇದ್ದರೆ ಬೇಡ. ಬದಿಯಲ್ಲಿ ಪದರ ಬಿಟ್ಟುಕೊಂಡಿದ್ದರೆ ಬೇಡ. ತಳದ ಗೀರು ಪರವಾಗಿಲ್ಲ. ಗೀರಿನೊಳಗೆ ಮರ ಕಂಡರೆ ಬೇಡ. ಬೈಂಡಿಂಗ್ ತೂತು ಈಗಾಗಲೇ ಎರಡು ಸಲ ಕೊರೆದದ್ದೋ ಕೇಳಿ. ಹಳೆ ಬೈಂಡಿಂಗ್ ಆದರೆ ಕಂಪನಿ ಅದಕ್ಕೆ ಈಗಲೂ ಹೊಣೆ ಹೊರುತ್ತದೋ ಅಂತ ಅಲ್ಲಿನ ಅಂಗಡಿಯಲ್ಲಿ ಕೇಳಲಿ. ಕಂಪನಿ ಹೊಣೆ ಹೊರುವ ಪಟ್ಟಿಯಿಂದ ಬಿಟ್ಟುಹೋದದ್ದಾದರೆ ಎಷ್ಟು ಹೊಳೆಯುತ್ತಿದ್ದರೂ ತಂತ್ರಜ್ಞರು ಮುಟ್ಟುವುದಿಲ್ಲ.

ಸಾಗಿಸುವುದು, ಮಳೆಗಾಲ ಕಳೆಯುವುದು

ಬಜ್ಪೆಯಿಂದ ಶ್ರೀನಗರಕ್ಕೆ ವಿಮಾನ ಬದಲಿಸಿಯೇ ಹೋಗಬೇಕು. ಸ್ಕೀ ಚೀಲದ ಉದ್ದ, ತೂಕಕ್ಕೆ ಆ ವಿಮಾನಯಾನದವರ ನಿಯಮ ಎಂತದು ಅಂತ ಟಿಕೆಟಿಗೆ ಮೊದಲೇ ಕೇಳಿ. ಸಮಯ ಇದ್ದವರಿಗೆ ಮಂಗಳೂರು ಸೆಂಟ್ರಲ್‌ನಿಂದ ಕಟ್ರಾಕ್ಕೆ ವಾರಕ್ಕೊಮ್ಮೆ ನವಯುಗ್ ಎಕ್ಸ್‌ಪ್ರೆಸ್ ಉಂಟು. 2025ರ ಜೂನ್‌ನಿಂದ ಕಟ್ರಾ–ಶ್ರೀನಗರಕ್ಕೂ ರೈಲಾಗಿದೆ. ಬೂಟನ್ನು ಮಾತ್ರ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸ್ಕೀ ತಡವಾಗಿ ಬಂದರೆ ಬಾಡಿಗೆಗೆ ಸಿಗುತ್ತದೆ, ನಿಮ್ಮ ಕಾಲಿನ ಬೂಟು ಸಿಗುವುದಿಲ್ಲ.

ಸ್ಕೀಗೆ ನಮ್ಮೂರಿನ ದೊಡ್ಡ ಶತ್ರು ಜೂನ್. ಉಪ್ಪು ಗಾಳಿ, ನಾಲ್ಕು ತಿಂಗಳ ತೇವ. ಬರೀ ಉಕ್ಕಿನ ಅಂಚನ್ನು ಹಾಗೇ ಬಿಟ್ಟರೆ ಕಿತ್ತಳೆ ಬಣ್ಣದ ಪುಡಿ ಏಳಲು ವಾರ ಸಾಕು. ಮೇ ತಿಂಗಳಲ್ಲೇ ಕೆಲಸ ಮುಗಿಸಿ. ಸ್ಕೀ ಒರೆಸಿ, ಪೂರ್ತಿ ಒಣಗಿಸಿ. ತುಕ್ಕಿನ ಚುಕ್ಕಿ ಇದ್ದರೆ ತುಕ್ಕು ತೆಗೆಯುವ ರಬ್ಬರ್ ಕಲ್ಲಿನಿಂದ ಉಜ್ಜಿ. ಹಳೆ ಇಸ್ತ್ರಿ ಪೆಟ್ಟಿಗೆಯಲ್ಲಿ ಸ್ಕೀ ಮೇಣ ಕರಗಿಸಿ ತಳಕ್ಕೆ ದಪ್ಪಗೆ ಹಚ್ಚಿ, ಉಕ್ಕಿನ ಅಂಚಿನ ಮೇಲೂ ಹರಿದು ಮುಚ್ಚಲಿ. ಮೇಣ ಹೊಗೆಯಾಡಿದರೆ ಶಾಖ ಜಾಸ್ತಿ. ಪೆಟ್ಟಿಗೆಯನ್ನು ಒಂದೇ ಕಡೆ ನಿಲ್ಲಿಸಬಾರದು, ತಳ ಸುಡುತ್ತದೆ. ಆ ಪೆಟ್ಟಿಗೆಯಲ್ಲಿ ಮತ್ತೆ ಸೀರೆಗೆ ಇಸ್ತ್ರಿ ಹಾಕುವ ಯೋಚನೆ ಬಿಡಿ. ಮೇಣವನ್ನು ಕೆರೆಯದೆ ಹಾಗೇ ಇಡಿ.

ಇಡುವ ಜಾಗ ಒಳಕೋಣೆಯ ಕಪಾಟು. ಬಾಲ್ಕನಿ, ಬಚ್ಚಲ ಪಕ್ಕ, ಮಳೆ ಹೊಡೆಯುವ ಗೋಡೆ ಬೇಡ. ಎರಡನ್ನೂ ಬಿಗಿದು ಕಟ್ಟಬೇಡಿ, ಕ್ಯಾಂಬರ್ ಮೇಲೆ ಒತ್ತಡ ಬೀಳುತ್ತದೆ. ಚೀಲದೊಳಗೆ ಸಿಲಿಕಾ ಜೆಲ್ ಹಾಕಿ, ಆಗಾಗ ಬದಲಿಸಿ. ಬೈಂಡಿಂಗ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ, ಒಳಗಿನ ಗ್ರೀಸ್ ಕರಗಿ ಹೋಗುತ್ತದೆ. ಬೂಟಿನ ಮೆತ್ತೆ ಒಣಗಿಸಿ, ಬಕಲ್ ಸಡಿಲವಾಗಿ ಹಾಕಿಡಿ, ಇಲ್ಲದಿದ್ದರೆ ಚಿಪ್ಪಿನ ಆಕಾರ ಕೆಡುತ್ತದೆ. ಸ್ಕಿನ್‌ನ ಅಂಟಿಗೆ ನಮ್ಮ ಸೆಕೆಯೇ ವಿಷ. ಅದರ ಜಾಲರಿ ಹಾಳೆಗೆ ಅಂಟಿಸಿ, ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡಬಹುದು, ಬಂಗುಡೆಯ ಡಬ್ಬಿಯಿಂದ ದೂರ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಒಂದು ಮಧ್ಯಾಹ್ನ ಬಿಟ್ಟರೂ ಅಂಟು ಕೆಡುತ್ತದೆ.

ಡಿಸೆಂಬರ್‌ನಲ್ಲಿ ಹೊರಡುವ ವಾರ ಆ ಮೇಣವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೂತಿಯಿಂದ ಬಾಲದ ಕಡೆಗೆ ಕೆರೆದು, ನೈಲಾನ್ ಬ್ರಷ್‌ನಿಂದ ಉಜ್ಜಿ. ಬೈಂಡಿಂಗ್ ಬಿಡುವ ಪರೀಕ್ಷೆಯನ್ನು ಗುಲ್ಮಾರ್ಗ್ ತಲುಪಿದ ದಿನವೇ ತಂತ್ರಜ್ಞರ ಹತ್ತಿರ ಮಾಡಿಸಿ. ಕೆರೆಯುವಾಗ ಅಡಿಗೆ ಹಳೆ ಪೇಪರ್ ಹಾಸಿಕೊಳ್ಳಿ. ಮೇಣದ ಪುಡಿ ಬಿದ್ದ ಟೈಲ್ಸ್ ಮೇಲೆ ಮನೆಯವರು ಜಾರಿ ಬಿದ್ದರೆ ಅಲ್ಲಿ ಬೈಂಡಿಂಗ್ ಇರುವುದಿಲ್ಲ.